ಸ್ಯಾಂಡ್‌ವಿಚ್ ಹೆಸರಿನ ಹಿಂದೆ ಜೂಜುಕೋರನಾ?

ಪ್ರಶ್ನೆ: ಇಸ್ಪೀಟಾಟ ಬಿಟ್ಟು ಊಟಕ್ಕೂ ಏಳದ ಒಬ್ಬ ಇಂಗ್ಲಿಷ್ ಜಮೀನ್ದಾರನಿಂದ ಸ್ಯಾಂಡ್‌ವಿಚ್‌ಗೆ ಆ ಹೆಸರು ಬಂತಂತೆ. ನಿಜನಾ, ಇಲ್ಲಾ ಕಟ್ಟುಕಥೆಯಾ?

ಉತ್ತರ: ಹೆಸರು ಅವನದೇ. ಇಸ್ಪೀಟಿನ ವಿಷಯ ಮಾತ್ರ ಅನುಮಾನ.

ಅವನು ಜಾನ್ ಮೊಂಟಾಗು (1718–1792). ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಸ್ಯಾಂಡ್‌ವಿಚ್ ಅಂತ ಒಂದು ಊರಿದೆ. ಆ ಊರಿನ ಹೆಸರಿನ ನಾಲ್ಕನೇ ಅರ್ಲ್ (ಇಂಗ್ಲೆಂಡಿನ ಸಿರಿವಂತ ಮನೆತನಗಳ ಒಂದು ಬಿರುದು) ಇವನು. ವಂಶದ ಮೊದಲ ಅರ್ಲ್‌ಗೆ ಪೋರ್ಟ್ಸ್‌ಮತ್ ಊರಿನ ಹೆಸರು ಇಟ್ಟುಕೊಳ್ಳುವ ಮನಸ್ಸಿತ್ತು ಎಂಬ ಮಾತಿದೆ. ಹಾಗಾಗಿದ್ದರೆ ಇವತ್ತು ಚೀಸ್ ಪೋರ್ಟ್ಸ್‌ಮತ್ ತಿನ್ನುತ್ತಿದ್ದೆವು!

ಜೂಜಿನ ಕಥೆ ಹಬ್ಬಿಸಿದವನು ಪಿಯರ್-ಜಾನ್ ಗ್ರೋಸ್ಲೆ ಎಂಬ ಫ್ರೆಂಚ್ ಪ್ರವಾಸಿ. 1765ರಲ್ಲಿ ಲಂಡನ್ ನೋಡಿ ಹೋಗಿ, ಆಮೇಲೆ ಪುಸ್ತಕ ಬರೆದ. ಮಂತ್ರಿಯೊಬ್ಬ 24 ಗಂಟೆ ಜೂಜಿನ ಮೇಜು ಬಿಟ್ಟು ಕದಲಲಿಲ್ಲವಂತೆ. ಸುಟ್ಟ ಬ್ರೆಡ್ಡಿನ ಎರಡು ಹೋಳುಗಳ ನಡುವೆ ದನದ ಮಾಂಸ ಇಟ್ಟುಕೊಂಡು, ಆಡುತ್ತಲೇ ತಿಂದನಂತೆ. ಆ ತಿಂಡಿಗೆ ಮಂತ್ರಿಯ ಹೆಸರೇ ನಿಂತಿತಂತೆ. ಓದಿದರೆ ಹೊಸಬನ ಕಿವಿಗೆ ಊರವರು ಊದಿದ ಹರಟೆ ಅನಿಸುತ್ತೆ, ಅಲ್ವಾ? ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ 1762ರಲ್ಲೇ ತನ್ನ ದಿನಚರಿಯಲ್ಲಿ, ಕ್ಲಬ್ಬಿನ ದೊಡ್ಡ ಮನುಷ್ಯರು ಪುಟ್ಟ ಮೇಜುಗಳಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು ಅಂತ ಬರೆದಿದ್ದ. ಅಂದ್ರೆ ಗ್ರೋಸ್ಲೆ ಬರುವ ಹೊತ್ತಿಗೆ ಹೆಸರು ಆಗಲೇ ಚಾಲ್ತಿಯಲ್ಲಿತ್ತು.

ಅರ್ಲ್‌ನ ಜೀವನಚರಿತ್ರೆ ಬರೆದ ಎನ್.ಎ.ಎಂ. ರಾಡ್ಜರ್ ಅವರ ಲೆಕ್ಕವೇ ಬೇರೆ. ನೌಕಾಪಡೆಯ ಆಡಳಿತ ಹೊತ್ತ ಆಸಾಮಿ, ಕೆಲಸದ ಮೇಜಿನಲ್ಲೇ ತಿಂದಿರಬೇಕು ಅಂತ. ಇದೂ ಊಹೆಯೇ. ಆದರೆ ಫೈಲು ನೋಡುತ್ತಾ ತಿಂದ ಅಂದ್ರೆ ಯಾರು ಕೇಳ್ತಾರೆ ಹೇಳಿ?

ಇನ್ನು ಸುಮ್ನೆ ನಗಿಸೋಕೆ ಹುಟ್ಟಿಸಿದ ಮೂಲಗಳೂ ಇವೆ. ನನಗೆ ಜಾಸ್ತಿ ಇಷ್ಟವಾದದ್ದು ಇಂಗ್ಲಿಷಿನ ಹಳೇ ಒಗಟು. ಮರುಭೂಮಿಯಲ್ಲಿ ಯಾರೂ ಹಸಿವಿನಿಂದ ಸಾಯಲ್ಲ, ಯಾಕೆ? 'ಸ್ಯಾಂಡ್ ವಿಚ್ ಈಸ್ ದೇರ್', ಅಲ್ಲಿರೋ ಮರಳು ಇದೆಯಲ್ಲ! ಸರಿ, ಅಲ್ಲಿಗೆ ಸ್ಯಾಂಡ್‌ವಿಚ್ ಹೇಗೆ ಬಂತು? ಬೈಬಲ್‌ನ ನೋಹನ ಮಗ ಹ್ಯಾಮ್‌ನ ಸಂತತಿ ಅಲ್ಲೇ 'ಬ್ರೆಡ್' ಆಯ್ತು, ಅಂದ್ರೆ ಹುಟ್ಟಿ ಬೆಳೆಯಿತು. ಆಮೇಲೆ 'ಮಸ್ಟರ್ಡ್' ಆಯ್ತು, ಅಂದ್ರೆ ಒಟ್ಟುಗೂಡಿತು. ಹ್ಯಾಮ್ (ಹಂದಿಮಾಂಸ), ಬ್ರೆಡ್ಡು, ಮಸ್ಟರ್ಡ್ (ಸಾಸಿವೆ) ಮೂರೂ ಸಿಕ್ಕವು. ಅರ್ಲ್‌ನ ಅಗತ್ಯವೇ ಬೀಳಲಿಲ್ಲ.