ಪ್ಲಗ್, ಕಾಯಿಲ್ ಎಲ್ಲಾ ಹೊಸದು, ಆದರೂ ಮಿಸ್ಸಿಂಗ್ ಹೋಗಿಲ್ಲವೇ?

ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರ ದುಡ್ಡನ್ನು ಸುಮ್ನೆ ಜಾಸ್ತಿ ತಿನ್ನುವ ತೊಂದರೆ ಯಾವುದು ಅಂತ ಕೇಳಿದರೆ ನಾನು ಮಿಸ್ಸಿಂಗ್ ಅನ್ನುತ್ತೇನೆ, ಅಂದರೆ ಎಂಜಿನ್‌ನ ಯಾವುದೋ ಸಿಲಿಂಡರ್ ಉರಿಯದೆ ತಪ್ಪುವುದು. ಗಾಡಿ ನಿಂತಲ್ಲೇ ನಡುಗುತ್ತದೆ. ಎಕ್ಸಲರೇಟರ್ ಒತ್ತಿದರೆ ಜಗ್ಗುತ್ತದೆ, ಪಿಕಪ್ ಇರುವುದಿಲ್ಲ, ಪೆಟ್ರೋಲ್ ಮಾತ್ರ ಚೆನ್ನಾಗಿ ಕುಡಿಯುತ್ತದೆ. ಹುಬ್ಬಳ್ಳಿಯ ನಮ್ಮ ಗ್ಯಾರೇಜಿಗೆ ಬರುವ ಹೊತ್ತಿಗೆ ಮಾಲೀಕರ ಕೈಯಲ್ಲಿ ಬಿಲ್ಲುಗಳ ಕಟ್ಟೇ ಇರುತ್ತದೆ. ಪ್ಲಗ್ ಹೊಸದು, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಹೊಸದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನಿಂಗ್ ಆಗಿದೆ, ಥ್ರಾಟಲ್ ಬಾಡಿ ತೊಳೆದಾಗಿದೆ. "ಎಲ್ಲಾ ಬದ್ಲಿ ಮಾಡ್ಸೇನ್ರಿ, ಆದ್ರೂ ಹೋಗವಲ್ದು" ಅನ್ನುತ್ತಾರೆ.

ಆ ಬಿಲ್ಲುಗಳಲ್ಲಿ ಕಂಪ್ರೆಷನ್ (ಪಿಸ್ಟನ್ ಮೇಲೇರಿದಾಗ ಸಿಲಿಂಡರ್ ಒಳಗಿನ ಒತ್ತಡ) ಎಷ್ಟಿದೆ ಅಂತ ಬರೆದದ್ದು ಕಾಣುವುದೇ ಅಪರೂಪ. ಅಳೆದು ನೋಡದೆ ಪಾರ್ಟ್ ಬದಲಿಸುತ್ತಾ ಹೋಗುವ ಈ ಪದ್ಧತಿ ನಿಲ್ಲಬೇಕು.

ಪೆಟ್ರೋಲ್ ಎಂಜಿನ್‌ಗೆ ಬೇಕಾದದ್ದು ಮೂರು: ಸರಿಯಾದ ಹೊತ್ತಿಗೆ ಕಿಡಿ, ಸರಿಯಾದ ಅಳತೆಯಲ್ಲಿ ಗಾಳಿ ಮತ್ತು ಪೆಟ್ರೋಲ್, ಅದನ್ನು ಒತ್ತಿ ಹಿಡಿಯುವಷ್ಟು ಕಂಪ್ರೆಷನ್. ನಾಲ್ಕು ಸಿಲಿಂಡರ್ ಗಾಡಿ 800 ಆರ್‌ಪಿಎಂನಲ್ಲಿ ಐಡ್ಲಿಂಗ್ ಇದ್ದರೆ ಒಂದೊಂದು ಸಿಲಿಂಡರೂ ನಿಮಿಷಕ್ಕೆ 400 ಸಲ ಉರಿಯಬೇಕು. ಪ್ರತಿ ಸಲ ಉರಿದಾಗಲೂ ಕ್ರ್ಯಾಂಕ್ ಒಂದು ಚೂರು ಜೋರಾಗಿ ತಿರುಗುತ್ತದೆ. ಉರಿಯದಿದ್ದರೆ ಅಲ್ಲಿ ವೇಗ ತಗ್ಗುತ್ತದೆ. ಕ್ರ್ಯಾಂಕ್ ಸೆನ್ಸರ್ ಇದನ್ನೇ ನೋಡುತ್ತಾ ಇರುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಲೆಕ್ಕ ಇಟ್ಟುಕೊಳ್ಳುತ್ತದೆ. ಲೆಕ್ಕ ಮಿತಿ ಮೀರಿದರೆ ಚೆಕ್ ಎಂಜಿನ್ ಲೈಟ್ ಹತ್ತುತ್ತದೆ, ಸ್ಕ್ಯಾನರ್ ಹಾಕಿದರೆ ಓದಬಹುದಾದ ಒಂದು ಕೋಡ್ ಇಸಿಯುನಲ್ಲಿ ಕೂರುತ್ತದೆ. ಕೆಲವು ಗಾಡಿಗಳಲ್ಲಿ ತಗ್ಗು ದಿನ್ನೆಯ ರಸ್ತೆಯ ಕುಲುಕಾಟವೂ ಇಸಿಯುಗೆ ಮಿಸ್ಸಿಂಗ್ ಥರ ಕಾಣಬಹುದು. ಹಾಗಾಗಿ ಕೋಡ್ ಒಂದನ್ನೇ ನಂಬಬೇಡಿ, ಗಾಡಿಯನ್ನು ಒಮ್ಮೆ ಒಳ್ಳೆ ರೋಡಿನಲ್ಲಿ ಓಡಿಸಿಯೂ ನೋಡಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಟ್ಟಾರೆ ಏರುಮುಖವೇ. ಮೇಲಿನ ಗೇರಿನಲ್ಲಿ ಕಡಿಮೆ ಆರ್‌ಪಿಎಂ ಇಟ್ಟು ಆ ಕಡೆ ಎಳೆಸಿದರೆ ಲೋಡಿನಲ್ಲಿ ಬರುವ ಮಿಸ್ಸಿಂಗ್ ಬೇಗ ಗೊತ್ತಾಗುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಯಾವ ಸಿಲಿಂಡರ್? ಯಾವಾಗ? ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0304 ಬಂದರೆ ನಾಲ್ಕನೇದು. ಪಿ0300 ಅಂದರೆ ಯಾವುದೋ ಒಂದರಲ್ಲಿ ಅಲ್ಲ, ಅಲ್ಲಲ್ಲಿ ತಪ್ಪುತ್ತಿದೆ ಅಂತ. ಆಗ ಎಲ್ಲ ಸಿಲಿಂಡರ್‌ಗೂ ಸೇರಿದ ಕಾರಣ ಹುಡುಕಬೇಕು: ಪೆಟ್ರೋಲ್ ಪ್ರೆಷರ್, ಕೆಟ್ಟ ಪೆಟ್ರೋಲ್, ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಗಾಳಿ ಸೋರಿಕೆ. ಗಾಳಿ ಸೋರಿಕೆಗೆ ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ. ಐಡ್ಲಿಂಗ್‌ನಲ್ಲಿ ಪ್ಲಸ್ 20ರ ಹತ್ತಿರ ಇದ್ದದ್ದು 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆ ಕಡೆ ಇಳಿದರೆ, ಎಲ್ಲೋ ಪೈಪೋ ಗ್ಯಾಸ್ಕೆಟ್ಟೋ ಗಾಳಿ ಎಳೆಯುತ್ತಿದೆ ಅಂತಲೇ ಹಿಡಿಯಬಹುದು.

"ಯಾವಾಗ" ಅನ್ನುವುದಕ್ಕೆ ಮಾಲೀಕರ ಮಾತೇ ಆಧಾರ. ಮಳೆಗಾಲದಲ್ಲಿ, ಗಾಡಿ ತೊಳೆದ ಮರುದಿನ ಮಾತ್ರ ಬರುತ್ತದೆ ಅಂದರೆ ಕಾಯಿಲ್‌ನ ರಬ್ಬರ್ ಬೂಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸೀಳು ಬಿಟ್ಟಿದ್ದರೆ, ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ, ಕಿಡಿ ಪ್ಲಗ್ಗಿಗೆ ಹೋಗದೆ ಅಲ್ಲಿಂದಲೇ ಹಾರುತ್ತಿದೆ. ಗೋವಿನಜೋಳದ ಚೀಲ ಇಟ್ಟ ಶೆಡ್ಡಿನಲ್ಲೇ ಗಾಡಿ ನಿಲ್ಲಿಸುವವರಾದರೆ ಮೊದಲು ಇಂಜೆಕ್ಟರ್ ವೈರುಗಳನ್ನು ಬೆರಳಿನಿಂದ ತಡವುತ್ತಾ ಬನ್ನಿ. ಇಲಿ ಅರ್ಧ ಕಡಿದ ವೈರ್ ಒಮ್ಮೆ ಕೂಡುತ್ತದೆ, ಒಮ್ಮೆ ಬಿಡುತ್ತದೆ. ಸ್ಕ್ಯಾನರ್ ಹಾಕಿದಾಗ ಎಲ್ಲ ಸರಿ ಇರುತ್ತದೆ, ಮನೆಗೆ ಹೋಗುವಾಗ ಮತ್ತೆ ಶುರು.

ಸಿಲಿಂಡರ್ ಗೊತ್ತಾದ ಮೇಲೆ ಹೊಸ ಪಾರ್ಟ್ ತರುವ ಅವಸರ ಬೇಡ. ಮೂರನೇದರ ಕಾಯಿಲನ್ನು ಒಂದಕ್ಕೆ ಹಾಕಿ, ಒಂದರದ್ದನ್ನು ಮೂರಕ್ಕೆ ಹಾಕಿ ಓಡಿಸಿ. ಕೋಡ್ ಒಂದಕ್ಕೆ ಬಂದರೆ ಕಾಯಿಲ್ ಹೋಗಿದೆ. ಮೂರರಲ್ಲೇ ಉಳಿದರೆ ಕಾಯಿಲ್ ಸರಿ ಇದೆ. ಹಾಗೇ ಪ್ಲಗ್, ಆಮೇಲೆ ಇಂಜೆಕ್ಟರ್. ಇದಕ್ಕೆ ಖರ್ಚಾಗುವುದು ಸಮಯ ಮಾತ್ರ. ಓಡುವ ಎಂಜಿನ್‌ನಲ್ಲಿ ಪ್ಲಗ್ ಕ್ಯಾಪ್ ಎಳೆದು ನೋಡುವ ಕಾರ್ಬುರೇಟರ್ ಕಾಲದ ಅಭ್ಯಾಸ ಇನ್ನೂ ಕೆಲವರಿಗಿದೆ. ಈಗಿನ ಗಾಡಿಗೆ ಅದು ಬೇಡವೇ ಬೇಡ, ಕಾಯಿಲ್ಲೂ ಇಸಿಯುವೂ ಹಾಳಾಗುವ ಅಪಾಯ ಇದೆ. ಇಂಜೆಕ್ಟರ್ ಕನೆಕ್ಟರ್ ಒಂದೊಂದೇ ತೆಗೆದು ನೋಡಿ. ಯಾವುದನ್ನು ತೆಗೆದರೂ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ.

ಇಷ್ಟಾದ ಮೇಲೂ ಕೋಡ್ ಅದೇ ಸಿಲಿಂಡರಿನಲ್ಲಿ ಕೂತಿದ್ದರೆ ಕಂಪ್ರೆಷನ್ ನೋಡಲೇಬೇಕು. ಹಾವೇರಿ ಕಡೆಯ ಮಾಸ್ತರರೊಬ್ಬರ ಗಾಡಿ ಇದಕ್ಕೆ ಒಳ್ಳೆ ಉದಾಹರಣೆ. ಸಣ್ಣ ಪೆಟ್ರೋಲ್ ಗಾಡಿ, ಇವರು ಮೂರನೇ ಮಾಲೀಕರು. "ಮುಂಜಾನೆ ಚಲೋ ಇರ್ತೈತ್ರಿ. ಬಂಕಾಪುರ ಟೋಲ್‌ನ್ಯಾಗ ನಿಂತ್ರ ಸಾಕು, ನಡುಗಾಕ ಚಾಲೂ ಮಾಡ್ತೈತಿ" ಅಂದರು. ಅಂದರೆ ಎಂಜಿನ್ ಬಿಸಿಯಾದ ಮೇಲೆ, ಐಡ್ಲಿಂಗ್‌ನಲ್ಲಿ. ಕೋಡ್ ಪಿ0303. ಕಾಯಿಲ್, ಪ್ಲಗ್, ಇಂಜೆಕ್ಟರ್ ಅದಲು ಬದಲು ಮಾಡಿದೆವು, ಕೋಡ್ ಮೂರನ್ನು ಬಿಟ್ಟು ಅಲುಗಲಿಲ್ಲ.

ಕಂಪ್ರೆಷನ್ ನೋಡುವುದಕ್ಕೂ ಒಂದು ಕ್ರಮ ಇದೆ. ನಾಲ್ಕೂ ಪ್ಲಗ್ ತೆಗೆಯಬೇಕು. ಇಂಜೆಕ್ಟರ್, ಕಾಯಿಲ್ ಕನೆಕ್ಟರ್ ಕಳಚಬೇಕು. ಬ್ಯಾಟರಿ ಗಟ್ಟಿ ಇರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಎಲ್ಲ ಸಿಲಿಂಡರಿಗೂ ಒಂದೇ ಸಮನೆ ಕ್ರ್ಯಾಂಕ್ ಮಾಡಬೇಕು. ಈ ಗಾಡಿಯಲ್ಲಿ ತಣ್ಣಗಿದ್ದಾಗ ಮೂರನೇದು ಉಳಿದವಕ್ಕಿಂತ ಸ್ವಲ್ಪವೇ ಕಡಿಮೆ ಇತ್ತು, ಯಾರಾದರೂ ಪಾಸ್ ಮಾಡಿಬಿಡುತ್ತಿದ್ದರು. ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಮತ್ತೆ ಹಿಡಿದಾಗ ಉಳಿದ ಮೂರು 160 ಪಿಎಸ್‌ಐ ಆಸುಪಾಸು, ಮೂರನೇದು 100 ದಾಟಲಿಲ್ಲ. ಒಂದು ಚಮಚ ಎಂಜಿನ್ ಆಯಿಲ್ ಆ ಸಿಲಿಂಡರಿಗೆ ಹಾಕಿ ನೋಡಿದೆವು. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚುತ್ತದೆ, ಗೇಜಿನ ಮುಳ್ಳು ಮೇಲೇರುತ್ತದೆ. ಇಲ್ಲಿ ಏರಲಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದಿದ್ದರೆ ಎಂಜಿನ್ ಮೇಲ್ಭಾಗದ ಹೆಡ್ ಕೆಳಗಿನ ಗ್ಯಾಸ್ಕೆಟ್ ಮೇಲೆ ಅನುಮಾನ ಹೋಗುತ್ತಿತ್ತು, ಅದೂ ಇರಲಿಲ್ಲ. ಉಳಿದದ್ದು ವಾಲ್ವ್, ಅಂದರೆ ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಬಾಗಿಲು. ಮೂರನೇ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಗೆ ತಂದು ಪ್ಲಗ್ ತೂತಿನಿಂದ ಗಾಳಿ ಬಿಟ್ಟೆವು. ಸೈಲೆನ್ಸರ್ ಬಾಯಿಗೆ ಕಿವಿ ಕೊಟ್ಟರೆ ಸುಯ್ ಅಂತ ಸದ್ದು. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ.

ಯಾಕೆ ಮುಚ್ಚುತ್ತಿಲ್ಲ ಅನ್ನುವುದಕ್ಕೆ ಉತ್ತರ ಡಿಕ್ಕಿಯಲ್ಲಿ ಸಿಕ್ಕಿತು. ಮ್ಯಾಟ್ ಎತ್ತಿದರೆ ಸ್ಟೆಪ್ನಿ ಜಾಗದಲ್ಲಿ ನಾಲ್ಕು ಬೋಲ್ಟ್ ತೂತು, ಪೈಪ್ ಹಾಯಿಸಿದ ಒಂದು ತೂತಿಗೆ ರಬ್ಬರ್ ಬಿರಡೆ. ಗಾಡಿ ಗ್ಯಾಸಿನ ಮೇಲೆ ಓಡಿತ್ತು, ಮಾರುವ ಮೊದಲು ಕಿಟ್ ಬಿಚ್ಚಿದ್ದರು. ಆರ್‌ಸಿಯಲ್ಲಿ ಎಲ್‌ಪಿಜಿ ಅನ್ನುವ ಸುಳಿವೇ ಇರಲಿಲ್ಲ. ಗ್ಯಾಸ್ ಒಣಗಿದ್ದೇ ಒಳಗೆ ಹೋಗುತ್ತದೆ. ಅದಕ್ಕಂತಲೇ ಮಾಡದ ಎಂಜಿನ್‌ನಲ್ಲಿ ವಾಲ್ವ್ ಕೂತು ಮುಚ್ಚುವ ಸೀಟ್ ಬೇಗ ಸವೆಯುತ್ತದೆ. ಸೀಟ್ ಸವೆದಷ್ಟೂ ವಾಲ್ವ್ ಮೇಲಕ್ಕೆ ಸರಿಯುತ್ತದೆ, ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಟ್ಯಾಪೆಟ್ ಸಂದು ಕಿರಿದಾಗುತ್ತದೆ. ಆ ಸಂದು ಇರಬೇಕಾದದ್ದೇ ಮಿಲಿಮೀಟರಿನಲ್ಲಿ ಹತ್ತರ ಎರಡು, ಮೂರು ಭಾಗ. ಬಿಸಿಗೆ ವಾಲ್ವ್ ಉದ್ದವಾಗುತ್ತದಲ್ಲ, ಸಂದೇ ಇಲ್ಲದಿದ್ದರೆ ಅದು ಸೀಟಿನ ಮೇಲೆ ಕೂರುವುದಿಲ್ಲ. ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಸೀಟಿನ ಮೂಲಕವೇ ಬಿಟ್ಟುಕೊಡುತ್ತದೆ. ಕೂರದ ವಾಲ್ವ್ ಸುಡುತ್ತದೆ. ಹೆಡ್ ಇಳಿಸಿ ನೋಡಿದಾಗ ಮೂರನೇ ಎಕ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ರೊಟ್ಟಿ ಕಚ್ಚಿದಂತೆ ಹೋಗಿತ್ತು. ವಾಲ್ವ್ ಬದಲಾಯಿತು, ಸೀಟ್ ಕಟಿಂಗ್ ಆಯಿತು, ಎಲ್ಲ ಟ್ಯಾಪೆಟ್ ಸೆಟ್ಟಿಂಗ್ ಆಯಿತು. ಈಗ ಗಾಡಿ ಟೋಲ್‌ನಲ್ಲಿ ಸುಮ್ಮನೆ ನಿಲ್ಲುತ್ತದೆ.

ಗ್ಯಾಸ್ ಕಿಟ್ ಹಾಕಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಹಾಕಿಸಿದವರು ಟ್ಯಾಪೆಟ್ ಸಂದು ಆಗಾಗ ಅಳೆಸಲೇಬೇಕು. ಹೊತ್ತಿಗೆ ಅಳೆಸಿದ್ದರೆ ಈ ಹೆಡ್ ಕೆಲಸ ಬರುತ್ತಲೇ ಇರಲಿಲ್ಲ. ಮಾಸ್ತರರು ಹಿಂದೆ ಹಾಕಿಸಿದ ಕಾಯಿಲ್‌ಗಳ ದುಡ್ಡಂತೂ ವಾಪಸ್ ಬರುವುದಿಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಓಡುತ್ತದಲ್ಲ ಅಂತ ಮಿಸ್ಸಿಂಗ್ ಇಟ್ಟುಕೊಂಡೇ ತಿಂಗಳುಗಟ್ಟಲೆ ತಿರುಗುವವರಿಗೆ ಒಂದು ಮಾತು. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಅದು ಕರಗಿದರೆ ಬರುವ ಖರ್ಚಿನ ಮುಂದೆ ಕಾಯಿಲ್ ಖರ್ಚು ಏನೇನೂ ಅಲ್ಲ. ಚೆಕ್ ಎಂಜಿನ್ ಲೈಟ್ ಮಿಟುಕುತ್ತಿದ್ದರೆ ಜೋರಾಗಿ ಓಡಿಸಬೇಡಿ, ಆದಷ್ಟು ಬೇಗ ಪಕ್ಕಕ್ಕೆ ನಿಲ್ಲಿಸಿ.

ಹಳೆ ಗಾಡಿ ನೋಡಲು ಹೊರಟವರು ತಣ್ಣನೆ ಎಂಜಿನ್ ಚಾಲೂ ಮಾಡಿಸಿ. ಹೋದ ಕೂಡಲೇ ಬಾನೆಟ್ ಮುಟ್ಟಿ, ಬಿಸಿ ಇದ್ದರೆ ಯಾಕೆ ಅಂತ ಕೇಳಿ. ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ ಅಂದ ಮಾತ್ರಕ್ಕೆ ನಂಬಬೇಡಿ, ಇಸಿಯು ತನ್ನ ಸ್ವಂತ ಪರೀಕ್ಷೆಗಳನ್ನು ಮುಗಿಸಿದೆಯೇ ಅಂತ ತೋರಿಸುವ ರೆಡಿನೆಸ್ ಪುಟ ತೆಗೆಸಿ. ಅಲ್ಲಿ ಬಹುತೇಕ ಎಲ್ಲವೂ ಅಪೂರ್ಣ ಅಂತ ತೋರಿಸಿದರೆ ಈಚೆಗೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಬೋಲ್ಟ್ ತೂತು ಕಂಡರೆ ಬಿಸಿ ಎಂಜಿನ್ ಕಂಪ್ರೆಷನ್ ನೋಡಿಸಿಯೇ ಮಾತು ಮುಂದುವರಿಸಿ. ಮಾರುವವರು ಒಪ್ಪದಿದ್ದರೆ ಹೆಡ್ ಕೆಲಸದ ಖರ್ಚನ್ನು ರೇಟಿನಲ್ಲಿ ಕಳೆದೇ ಚೌಕಾಸಿಗೆ ಕೂತುಕೊಳ್ಳಿ.