ಮೊಣಕೈಗೆ ಜಾರಿದ ಬಳೆ

ಬೆಟಗೇರಿಯ ನಮ್ಮ ಮನೆಯಲ್ಲಿ ಎಪ್ಪತ್ತನಾಲ್ಕು ತುಂಬುವವರೆಗೂ ರೊಟ್ಟಿ ಬಡಿದವಳು ಅವ್ವನೇ. ಆಮೇಲೆ ನಾಲ್ಕನೆಯ ರೊಟ್ಟಿಗೇ ಕೈ ಸೋತು ಗೋಡೆಗೆ ಒರಗತೊಡಗಿದಳು. ಕೈ ಎತ್ತಿದರೆ ಹಸಿರು ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ‘ವಯಸ್ಸಾಯಿತಲ್ಲ’ ಎಂದುಕೊಂಡೆವು. ರೊಟ್ಟಿಯ ಕೆಲಸವನ್ನು ನನ್ನ ಹೆಂಡತಿ ವಹಿಸಿಕೊಂಡಳು, ನೀರಿನ ಕೊಡ ಮುಟ್ಟಬೇಡವೆಂದು ನಾನು ಗದರಿದೆ. ಆ ವರ್ಷವೇ ಅವ್ವ ಬಚ್ಚಲಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಬೀಳುವುದಕ್ಕೆ ತಿಂಗಳುಗಟ್ಟಲೆ ಮೊದಲೇ ದೇಹ ಸುಳಿವು ಕೊಡುತ್ತಿತ್ತು. ಅದನ್ನು ಓದಲು ನಮಗೆ ಬರಲಿಲ್ಲ.

ಇದಕ್ಕೆ ವೈದ್ಯರು ಫ್ರೇಲ್ಟಿ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ‘ನಿತ್ರಾಣ’ ಇದಕ್ಕೆ ಹತ್ತಿರದ ಪದ. ಆದರೆ ಇದು ಜ್ವರ ಬಿಟ್ಟ ಮೇಲೆ ವಾರದಲ್ಲಿ ಹೋಗುವ ನಿತ್ರಾಣವಲ್ಲ. ಸ್ನಾಯು, ಹೃದಯ, ಮೂತ್ರಪಿಂಡ, ರೋಗನಿರೋಧಕ ಶಕ್ತಿ, ಎಲ್ಲವೂ ದಿನದ ಖರ್ಚಿಗಿಂತ ಹೆಚ್ಚಿನ ಬಲವನ್ನು ಕಷ್ಟಕಾಲಕ್ಕೆಂದು ಇಟ್ಟುಕೊಂಡಿರುತ್ತವೆ. ಆ ಗಂಟು ಕರಗಿದವರನ್ನು ಸಣ್ಣ ಜ್ವರವೂ ಹಾಸಿಗೆಗೆ ಕೆಡವುತ್ತದೆ. ಅದೇ ವಯಸ್ಸಿನ ಇನ್ನೊಬ್ಬರು ಅದೇ ಜ್ವರದಿಂದ ಮೂರು ದಿನಕ್ಕೆ ಎದ್ದು ಸಂತೆಗೆ ಹೋಗಿರುತ್ತಾರೆ. ಹುಟ್ಟಿದ ವರ್ಷವೊಂದರಿಂದಲೇ ಇದನ್ನು ಹೇಳಲಾಗದು.

ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಐದು ಗುರುತುಗಳನ್ನು ಹೇಳಿದರು: ಬಯಸದೆ ತೂಕ ಇಳಿಯುವುದು, ಸದಾ ದಣಿವು, ಹಿಡಿತದ ಬಲ ಕುಗ್ಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಅಥವಾ ಹೆಚ್ಚು ಕಂಡರೆ ಫ್ರೇಲ್ಟಿ. ಒಂದೋ ಎರಡೋ ಇದ್ದರೆ ಅದರ ಹೊಸ್ತಿಲು. ಈಗ ಲೆಕ್ಕ ಹಾಕಿದರೆ ಜಾರಿದ ಬಳೆ ತೂಕದ ಮಾತು, ಅರ್ಧಕ್ಕೆ ನಿಂತ ರೊಟ್ಟಿ ದಣಿವಿನ ಮಾತು. ಬಾಟಲಿಯ ಮುಚ್ಚಳ ತೆಗೆಯಲು ಮೊಮ್ಮಗನನ್ನು ಕರೆಯುತ್ತಿದ್ದಳು. ತ್ರಿಕೂಟೇಶ್ವರನ ಗುಡಿಗೆ ಹೋಗುವುದನ್ನು ಯಾವಾಗ ಬಿಟ್ಟಳೋ ನಾವು ಗಮನಿಸಿಯೇ ಇರಲಿಲ್ಲ.

ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಪಡಸಾಲೆಯಲ್ಲಿ 4 ಮೀಟರ್ ಅಳೆದು ಎರಡು ಗೆರೆ ಎಳೆಯಿರಿ. ಹಿರಿಯರು ಎಂದಿನ ನಡಿಗೆಯಲ್ಲಿ ನಡೆಯಲಿ, ನೀವು ಮೊಬೈಲ್‌ನಲ್ಲಿ ಸಮಯ ನೋಡಿ. 5 ಸೆಕೆಂಡಿಗಿಂತ ಹೆಚ್ಚಾದರೆ ವೈದ್ಯರಿಗೆ ತಿಳಿಸಬೇಕು. ಇನ್ನೊಂದು, ಗೋಡೆಗೆ ತಾಗಿಸಿದ ಕುರ್ಚಿಯಿಂದ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರುವುದು. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಇದಕ್ಕೆ 14 ಸೆಕೆಂಡ್ ಮಿತಿ ಇಟ್ಟಿದೆ. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಇವು ರೋಗನಿರ್ಣಯವಲ್ಲ, ಜರಡಿ ಮಾತ್ರ. ಜರಡಿಯಲ್ಲಿ ಉಳಿದವರಿಗೆ ರಕ್ತಹೀನತೆಯೋ, ಥೈರಾಯ್ಡ್ ತೊಂದರೆಯೋ, ಮನಸ್ಸಿನ ಖಿನ್ನತೆಯೋ, ಹಲ್ಲುನೋವೋ, ಅತಿಯಾದ ಮಾತ್ರೆಗಳೋ ಎಂದು ವೈದ್ಯರು ಹುಡುಕುತ್ತಾರೆ. ಹಲವು ಕಾರಣಗಳಿಗೆ ಚಿಕಿತ್ಸೆ ಇದೆ.

ನನ್ನನ್ನು ಈಗಲೂ ಕಾಡುವುದು ಆ ಗದರಿಕೆ. ಪ್ರೀತಿಯಿಂದಲೇ ಹೇಳಿದ್ದೆ, ಆದರೆ ದುಡಿಯದ ಸ್ನಾಯು ಬೇಗ ಸವೆಯುತ್ತದೆ. ಆರೋಗ್ಯವಂತ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಧ್ಯಯನವೊಂದರಲ್ಲಿ ಅವರ ಕಾಲುಗಳು ಸುಮಾರು ಒಂದು ಕಿಲೋ ಮಾಂಸಖಂಡ ಕಳೆದುಕೊಂಡಿದ್ದವು. ಇದರ ಇನ್ನೊಂದು ಮಗ್ಗುಲೂ ಇದೆ. 1990ರಲ್ಲಿ ಬೋಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಎಂಟು ವಾರ ಪೂರ್ತಿ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ತೊಂಬತ್ತರಲ್ಲಿ! ಅದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ.

ವ್ಯಾಯಾಮದ ಜೊತೆ ಊಟವೂ ಬೇಕು. ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ; ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಬೇಕು. ಹಲ್ಲು ಹೋದ ಮೇಲೆ ಅವ್ವ ರಾತ್ರಿ ಬರೀ ನುಚ್ಚು-ಮಜ್ಜಿಗೆ ಉಣ್ಣುತ್ತಿದ್ದಳು. ಈಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಜೊತೆಗೆ ಮೆತ್ತಗೆ ಬೇಯಿಸಿದ ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿ ಬಡಿಸುತ್ತೇವೆ.

ಎಲುಬು ಕೂಡಿದೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಸಂಜೆ ಅವ್ವ ಕುರ್ಚಿಯಿಂದ ಎದ್ದು ಕೂರುತ್ತಾಳೆ, ಎಣಿಸುವುದು ಮೊಮ್ಮಗ. ಪಡಸಾಲೆಯ ಗೆರೆಗಳ ನಡುವೆ ಮೊದಲು 9 ಸೆಕೆಂಡ್ ಹಿಡಿಯುತ್ತಿತ್ತು, ಈಗ 7. ಮೊನ್ನೆ ಪಕ್ಕದ ಮನೆಯ ಅಜ್ಜನೂ ಬಂದು ನಡೆದು ನೋಡಿದ. ಅವನಿಗೆ 6 ಬಂತು. ಸೋಮವಾರ ಅವನನ್ನು ವೈದ್ಯರ ಬಳಿ ಕರೆದುಕೊಂಡು ಹೋಗುತ್ತಿದ್ದೇನೆ.