13, 14, 15: ಮೂರು ತಿದ್ದುಪಡಿ, ಒಂದು ಮಿಸ್ಸಿಸಿಪ್ಪಿ

ಅಮೆರಿಕ ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿ ತೆಗೆಯಿತು, 14 ಪೌರತ್ವ ಕೊಟ್ಟಿತು, 15 ಮತ ಕೊಟ್ಟಿತು. ಅಮೆರಿಕದ ಇತಿಹಾಸದಲ್ಲಿ ನಾವೆಲ್ಲ ಬಾಯಿಪಾಠ ಮಾಡುವ ಸಾಲು ಇದು, ಅಲ್ವಾ? ಅಂಕವೇನೋ ಬರುತ್ತದೆ. ಆದರೆ ಬಿಡುಗಡೆಯಾದ ಸುಮಾರು 40 ಲಕ್ಷ ಜನ ಆಮೇಲೆ ಯಾರ ಹೊಲದಲ್ಲಿ ದುಡಿದರು ಅನ್ನೋದು ಅದರಲ್ಲಿಲ್ಲ. ಮಿಸ್ಸಿಸಿಪ್ಪಿ ರಾಜ್ಯ ಒಂದನ್ನೇ ಹಿಡಿದು ನೋಡೋಣ.

13ನೇ ತಿದ್ದುಪಡಿ ಜಾರಿಗೆ ಬಂದದ್ದು 1865ರ ಡಿಸೆಂಬರ್‌ನಲ್ಲಿ. ಅದರಲ್ಲೊಂದು ಸಂದು ಇದೆ: ಅಪರಾಧಕ್ಕೆ ಶಿಕ್ಷೆಯಾಗಿ ಮಾತ್ರ ಬಲವಂತದ ದುಡಿಮೆ ನಡೆಯುತ್ತದೆ. ಇದಕ್ಕೆ ಗೆರೆ ಎಳೆದಿಟ್ಟುಕೊಳ್ಳಿ. ಯಾಕಂದರೆ ಮಿಸ್ಸಿಸಿಪ್ಪಿ ನವೆಂಬರ್‌ನಲ್ಲೇ 'ಬ್ಲ್ಯಾಕ್ ಕೋಡ್' ಕಾನೂನು ಮಾಡಿ ಕೆಲಸವಿಲ್ಲದೆ ಇರುವುದನ್ನೇ ಅಪರಾಧ ಮಾಡಿಬಿಟ್ಟಿತ್ತು. ಕಪ್ಪು ಜನ ಪ್ರತಿ ಜನವರಿಯಲ್ಲಿ ತಮಗೆ ಮನೆಯೋ ಕೆಲಸವೋ ಇದೆ ಅಂತ ಕಾಗದ ತೋರಿಸಬೇಕು, 'ಅಲೆಮಾರಿ' ಅಂತ ಸಿಕ್ಕಿಬಿದ್ದರೆ ದಂಡ, 5 ದಿನದಲ್ಲಿ ಕಟ್ಟದಿದ್ದರೆ ಆ ದಂಡ ಕಟ್ಟಿದವನ ಹತ್ತಿರ ಶೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ಅವರನ್ನು ದುಡಿಯಲು ಬಿಡುತ್ತಿದ್ದ. ಸಾಕಲು ಆಗದವರ ಮಕ್ಕಳನ್ನು 'ಕೆಲಸ ಕಲಿಯಲು' ಕಳಿಸುವಾಗಲೂ ಮೊದಲ ಅವಕಾಶ ಹಳೆಯ ಯಜಮಾನನಿಗೇ!

ಪಟ್ಟಣದ ಹೊರಗೆ ಜಮೀನು ಗೇಣಿಗೆ ಪಡೆಯಲೂ ಆ ಕಾನೂನು ಬಿಡಲಿಲ್ಲ. ಹೀಗಾಗಿ ಹೆಚ್ಚಿನವರು ಪಾಲಿಗೆ ಹೊಲ ಮಾಡಿದರು, ನಮ್ಮಲ್ಲಿ ಕೋರಿಗೆ ಮಾಡೋದು ಅಂತಾರಲ್ಲ, ಹಾಗೆ. ಬೀಜ, ಹೇಸರಗತ್ತೆ, ಊಟದ ಸಾಮಾನು ಎಲ್ಲ ಸಾಲ. ಹತ್ತಿ ಮಾರಿದ ಮೇಲೆ ಲೆಕ್ಕ ಬರೆಯುವವನು ಹೊಲದ ಒಡೆಯ.

ಈ ಕೋಡ್‌ಗಳಿಗೆ ಉತ್ತರವಾಗಿಯೇ 1868ರ 14ನೇ ತಿದ್ದುಪಡಿ ಬಂತು. ಈ ಕಾರಣ ಬಿಟ್ಟು ಓದಿದರೆ ಅದು ಸುಮ್ನೆ ಒಂದು ಅಂಕಿ. 1870ರಲ್ಲಿ 15ನೆಯದು ಬಂತು, ಅದೇ ವರ್ಷ ಮಿಸ್ಸಿಸಿಪ್ಪಿಯ ಹೈರಮ್ ರೆವೆಲ್ಸ್ ಅಮೆರಿಕದ ಸೆನೆಟ್‌ನ ಮೊದಲ ಕಪ್ಪು ಸದಸ್ಯರಾದರು. ಆದರೆ ಹುಷಾರು, 15ನೆಯದು 'ಎಲ್ಲರಿಗೂ ಮತ' ಅನ್ನುವುದಿಲ್ಲ. ಜನಾಂಗ, ಬಣ್ಣ, ಹಿಂದಿನ ಗುಲಾಮಗಿರಿಯ ಕಾರಣಕ್ಕೆ ಮತ ತಡೆಯಬಾರದು ಅನ್ನುತ್ತದೆ, ಅಷ್ಟೇ. ಮಿಸ್ಸಿಸಿಪ್ಪಿ 1890ರಲ್ಲಿ ತನ್ನ ರಾಜ್ಯಕ್ಕೇ ಹೊಸ ಸಂವಿಧಾನ ಬರೆದಾಗ ಮತದ ನಿಯಮದಲ್ಲಿ ಬಣ್ಣದ ಮಾತೇ ಎತ್ತಲಿಲ್ಲ. 2 ಡಾಲರ್ ತಲೆಗಂದಾಯ ಕಟ್ಟಿ, ಸಂವಿಧಾನದ ಒಂದು ಭಾಗ ಓದಿ ಅಥವಾ ಅರ್ಥ ಹೇಳಿ ಅಂದಿತು. ಹೇಳಿದ ಅರ್ಥ ಸರಿಯೋ ತಪ್ಪೋ ಅನ್ನೋದು ಮೇಜಿನ ಆಚೆ ಕೂತ ಗುಮಾಸ್ತನ ಇಷ್ಟ. ಇಂಥ ಪರೀಕ್ಷೆಗೆ ತಡೆ ಬಿದ್ದದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ.

ಅಂದಹಾಗೆ, 13ನೆಯದಕ್ಕೆ ಮಿಸ್ಸಿಸಿಪ್ಪಿ ಒಪ್ಪಿಗೆ ಕೊಟ್ಟದ್ದು 1995ರಲ್ಲಿ. ಆ ಕಾಗದ ಸರಿಯಾಗಿ ದಾಖಲಾಗಿದ್ದು 2013ರಲ್ಲಿ.